ಹೆತ್ತೂರಿನ ಕಣದಲ್ಲಿ ಹೇಳಿದ ಕೋರಿಕೆ

ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ ಎಂದು ಬಾಳ್ಳುಪೇಟೆಯಲ್ಲೂ ಸುತ್ತಲಿನ ತೋಟಗಳಲ್ಲೂ ಎಲ್ಲರೂ ನಂಬಿದ್ದರು. ನಂಬಿಸಿದವಳು ನಾನೇ. ದಿನಾ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರನ್ನು, ಆಗಾಗ ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ ಬರುವವರನ್ನು ಜನ ಸುಮ್ಮನೆ ಬಿಡುವುದಿಲ್ಲ, ಏನಾದರೂ ಒಂದು ಹೇಳಲೇಬೇಕು. ಸಕ್ಕರೆ ಕಾಯಿಲೆ ಮರ್ಯಾದಸ್ಥರ ಕಾಯಿಲೆ. ಎಸ್ಟೇಟ್ ಮಾಲೀಕರಿಗೂ ಇರುತ್ತದೆ, ಚರ್ಚಿನ ಪಾದ್ರಿಗಳಿಗೂ ಇರುತ್ತದೆ. ಆದರೆ ಆ ಸುಳ್ಳಿಗೆ ನಾವು ತೆತ್ತ ದಂಡವೇನೂ ಸಣ್ಣದಲ್ಲ. ಯಾರ ಮನೆಗೆ ಹೋದರೂ ನಮಗೆ ಸಪ್ಪೆ ಕಾಫಿ. ಕ್ರಿಸ್‌ಮಸ್ ಸಮಯದಲ್ಲಿ ಮನೆಮನೆಗೆ ಹಬ್ಬದ ತಿಂಡಿಯ ತಟ್ಟೆ ಹಂಚುವಾಗ ನಮ್ಮ ತಟ್ಟೆಯಲ್ಲಿ ಮಾತ್ರ ಬರೀ ಚಕ್ಕುಲಿ. ನನ್ನ ಗಂಡನಿಗೋ ಸಿಹಿ ಎಂದರೆ ಪ್ರಾಣ. ಸಕಲೇಶಪುರಕ್ಕೆ ಹೋದಾಗ ಗುರುತಿನವರಿಲ್ಲದ ಬೇಕರಿ ಹುಡುಕಿ, ಗೋಡೆ ಕಡೆ ಮುಖ ಮಾಡಿ ನಿಂತು ಜಿಲೇಬಿ ತಿಂದು ಬರುತ್ತಿದ್ದರು. ಮೀಸೆಗೆ ಅಂಟಿದ ಪಾಕ ನೋಡಿ ನಾನು ರೇಗಿದರೆ, "ಇಲ್ಲದ ಶುಗರ್‌ಗೆ ಎಷ್ಟು ಅಂತ ಪಥ್ಯ ಮಾಡ್ಲಿ ಮಾರಾಯ್ತಿ" ಎನ್ನುತ್ತಿದ್ದರು.

ನಿಜವಾಗಿ ಇದ್ದದ್ದು ಎಚ್‌ಐವಿ. ಮದುವೆಯಾದ ಸ್ವಲ್ಪ ಕಾಲದಲ್ಲೇ ಅವರಿಗೆ ಟಿಬಿ ಬಂದು ಹಾಸಿಗೆ ಹಿಡಿದಾಗ ರಕ್ತ ಪರೀಕ್ಷೆ ಮಾಡಿ ಹೇಳಿದರು. ಆಮೇಲೆ ನನ್ನ ರಕ್ತವನ್ನೂ ತೆಗೆದುಕೊಂಡರು. ಈ ಮಾತು ಕೇಳಿದವರಿಗೆಲ್ಲ ಮೊದಲು ಬಾಯಿಗೆ ಬರುವ ಪ್ರಶ್ನೆ ಒಂದೇ: ಯಾರಿಂದ ಯಾರಿಗೆ? ಅದನ್ನು ನಾನು ಬರೆಯುವುದಿಲ್ಲ. ಅದು ನಮ್ಮಿಬ್ಬರ ಜಗಳ, ಆಡಿ ಮುಗಿಸಿದ್ದೇವೆ. ಮಕ್ಕಳು ಬೇಡ ಎಂದು ಆಗ ಹೆದರಿಕೆಯಲ್ಲೇ ತೀರ್ಮಾನ ಮಾಡಿಕೊಂಡೆವು. ಮಗುವಿಗೆ ಬಾರದ ಹಾಗೆ ನೋಡಿಕೊಳ್ಳಬಹುದು ಎಂದು ಈಗ ನರ್ಸುಗಳೇ ಕೂರಿಸಿಕೊಂಡು ಧೈರ್ಯ ಹೇಳುತ್ತಾರೆ. ನಮಗೆ ಆಗ ಕೇಳುವುದಕ್ಕೂ ಬಾಯಿರಲಿಲ್ಲ. ಮಾತ್ರೆ ಶುರುವಾದ ಮೇಲೆ ಅವರು ಎದ್ದು ಕೂತರು, ಮೈ ತುಂಬಿಕೊಂಡರು, ಬದುಕು ಮತ್ತೆ ದಾರಿಗೆ ಬಂತು.

ಅವರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದು, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಇಲ್ಲೇ ನೆಲೆ ನಿಂತವರು. ನಾನು ಹಾಸನದ ಕಡೆಯ ಕನ್ನಡ ಕ್ರೈಸ್ತರ ಮನೆಯವಳು. ಅವರ ಮನೆಮಾತಾದ ಕೊಂಕಣಿ ನನಗೆ ಅರ್ಥವಾಗುತ್ತದೆ, ನಾಲಿಗೆ ಹೊರಳುವುದಿಲ್ಲ; ಹಾಗಾಗಿ ನಮ್ಮ ಮನೆಯ ಮಾತು ಕನ್ನಡ. ಹೆದ್ದಾರಿ ಪಕ್ಕದಲ್ಲಿ ಅವರದೊಂದು ಶೆಡ್ ಇತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ನೀರೆತ್ತುವ ಮೋಟಾರು, ಇಂಥವುಗಳ ರಿಪೇರಿ. ಶೆಡ್ಡಿನ ಹಿಂದೆಯೇ ಮನೆ, ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು.

ಆದರೆ ನನ್ನ ಗಂಡ ಈ ಸೀಮೆಗೆಲ್ಲ ಗೊತ್ತಿದ್ದದ್ದು ಮೋಟಾರಿನಿಂದ ಅಲ್ಲ, ಜಪಸರದಿಂದ. ನಮ್ಮ ಕ್ರೈಸ್ತರ ಮನೆಗಳು ಒಂದೆಡೆ ಇಲ್ಲ. ಹೆತ್ತೂರಿನ ಕಡೆ ಗುಡ್ಡದ ಮೇಲೊಂದು, ಕೆ. ಹೊಸಕೋಟೆಯ ದಾರಿಯಲ್ಲಿ ಎರಡು, ಹೀಗೆ ತೋಟಗಳ ನಡುವೆ ಚದುರಿಕೊಂಡಿವೆ. ಸಾವಾದ ಮನೆಯಲ್ಲಿ ಮಣ್ಣಿನ ದಿನಕ್ಕೆ ಪಾದ್ರಿಗಳು ಬರುತ್ತಾರೆ. ಅದರ ಮುಂಚಿನ ಸಂಜೆ, ಆಮೇಲಿನ ಏಳನೇ ದಿನದ ಸಂಜೆ, ತಿಂಗಳಿನ ಸಂಜೆ, ಇವಕ್ಕೆಲ್ಲ ನಾವೇ ನಾವು ಸೇರಿ ಮಣಿ ಹಿಡಿದು ಜಪಸರ ಹೇಳುತ್ತೇವೆ. ಹತ್ತು ಮಣಿಗೆ ಒಂದು ಭಾಗ, ಅಂಥ ಐದು ಭಾಗ. ಮುಂದೆ ನಿಂತವರು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಉಳಿದರ್ಧವನ್ನು ಮಂಡಿಯೂರಿದ ಎಲ್ಲರೂ ಒಟ್ಟಿಗೆ ಹೇಳಬೇಕು. ಕೊನೆಗೆ ಮುಂದಾಳು ಒಂದೊಂದೇ ಕೋರಿಕೆ ಹೇಳುತ್ತಾನೆ: ಸತ್ತವರಿಗಾಗಿ, ಮನೆಯವರಿಗಾಗಿ, ದೂರ ಪ್ರಯಾಣದಲ್ಲಿ ಇರುವವರಿಗಾಗಿ. ಪ್ರತಿಯೊಂದಕ್ಕೂ ಜನ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎನ್ನುತ್ತಾರೆ.

ಈ ಕೆಲಸಕ್ಕೆ ಎಲ್ಲರ ಗಂಟಲೂ ಆಗುವುದಿಲ್ಲ. ಕೆಲವರು ಬಸ್ಸಿಗೆ ಹೊತ್ತಾದವರಂತೆ ಓಡಿಸುತ್ತಾರೆ, ಕೆಲವರು ಅಳುವವರನ್ನು ಇನ್ನಷ್ಟು ಅಳಿಸುತ್ತಾರೆ. ನನ್ನ ಗಂಡನ ದನಿ ಅಗಲವಾಗಿತ್ತು, ಅವಸರವಿಲ್ಲದ್ದು. ಅಳುತ್ತಿದ್ದವರು ಎರಡನೇ ಭಾಗದ ಹೊತ್ತಿಗೆ ತಮಗೇ ಗೊತ್ತಾಗದಂತೆ ಅಳು ನಿಲ್ಲಿಸಿ ಉತ್ತರ ಹೇಳುತ್ತಿದ್ದರು. ಎಲ್ಲಿ ಸಾವಾದರೂ ಆ ಮನೆಯ ಜೀಪು ಮೊದಲು ನಮ್ಮ ಶೆಡ್ಡಿನ ಮುಂದೆ ಬಂದು ನಿಲ್ಲುತ್ತಿತ್ತು. ಅವರು ಗ್ರೀಸಿನ ಕೈ ತೊಳೆದು, ಬಿಳಿ ಅಂಗಿ ತೊಟ್ಟು, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ದೊಡ್ಡ ಎಸ್ಟೇಟಿನ ಮಾಲೀಕರೂ ಅವರ ಹಿಂದೆ ಮಂಡಿಯೂರುತ್ತಿದ್ದರು. ಹಾಸನದಿಂದ ಮಾತ್ರೆಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕದ್ದ ಮಾಲಿನಂತೆ ತರುತ್ತಿದ್ದ ನಮಗೆ ತಲೆಯೆತ್ತಿ ನಡೆಯುವುದಕ್ಕೆ ಅದೊಂದೇ ಇದ್ದದ್ದು.

ಮೊದಲು ಕೆಟ್ಟದ್ದು ಶೆಡ್ಡಿನ ಕೆಲಸ. ಅವರು ಮೋಟಾರು ಬಿಚ್ಚುವಾಗ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಗೋಣಿ ತಾಟಿನ ಮೇಲೆ ಸಾಲಾಗಿ ಇಡುತ್ತಿದ್ದರು. ಜೋಡಿಸುವಾಗ ಸಾಲಿನ ಆ ತುದಿಯಿಂದ ಈ ತುದಿಗೆ ಬಂದರೆ ಮುಗಿಯಿತು. ಒಂದು ದಿನ, ಕಾಫಿ ಕೊಯ್ಲಿನ ಸಮಯ, ಹೊರಗೆ ಎರಡು ತೋಟದವರು ತಮ್ಮ ತಮ್ಮ ಪಲ್ಪರ್ ಎಂದು ಬೊಬ್ಬೆ ಹಾಕುತ್ತಿದ್ದಾರೆ, ಇವರು ಆ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಾರೆ. "ಏನ್ರೀ, ಏನಾಯ್ತು?" ಎಂದೆ. "ಎಲ್ಲ ಐತೆ. ಎಲ್ಲಿಂದ ಹಿಡೀಬೇಕು ಅಂತ ಹೊಳೀತಿಲ್ಲ" ಎಂದರು. ಮಾತು ಕಡಿಮೆಯಾಯಿತು. ನಡಿಗೆ ನಿಧಾನವಾಯಿತು. ಏನಾದರೂ ಕೇಳಿದರೆ, ಉತ್ತರ ಒಳಕೋಣೆಯಿಂದ ಎದ್ದು ಬರುವಷ್ಟು ಹೊತ್ತು. ಊರಿನವರು ಕುಡಿತ ಶುರುವಾಗಿದೆ ಎಂದುಕೊಂಡರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕುಡುಕನ ಹೆಂಡತಿಗೆ ನಮ್ಮಲ್ಲಿ ಕನಿಕರವಾದರೂ ಸಿಗುತ್ತದೆ.

ಆಮೇಲೆ ಜಪಸರಕ್ಕೂ ಬಂತು. ಕೆ. ಹೊಸಕೋಟೆಯ ದಾರಿಯಲ್ಲಿ ಒಂದು ಮನೆಯ ತಿಂಗಳ ಪ್ರಾರ್ಥನೆ. ಮೂರನೇ ಭಾಗ ಮುಗಿಸಿದವರು ನಾಲ್ಕಕ್ಕೆ ಹೋಗದೆ ಮತ್ತೆ ಮೂರನೆಯದನ್ನೇ ಎತ್ತಿಕೊಂಡರು. ಅದು ಮುಗಿದ ಮೇಲೆ ಮತ್ತೆ ಅದೇ. ಮುಂದಾಳನ್ನು ನಡುವೆ ತಡೆಯುವ ಪದ್ಧತಿ ನಮ್ಮಲ್ಲಿಲ್ಲ. ಅವರು ಅರ್ಧ ಹೇಳಿದರೆ ಉಳಿದರ್ಧ ನಮ್ಮ ಬಾಯಿಂದ ತಾನಾಗಿ ಹೊರಡುತ್ತದೆ; ಸಣ್ಣವರಿದ್ದಾಗಿನಿಂದ ನಾಲಿಗೆಗೆ ಬಿದ್ದ ಅಭ್ಯಾಸ. ಹಾಗಾಗಿ ಎಲ್ಲರೂ ಮಂಡಿ ನೋಯಿಸಿಕೊಂಡು ಉತ್ತರ ಹೇಳುತ್ತಲೇ ಇದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಬಾಯಿ ಮಾತ್ರ ನಿಲ್ಲಲಿಲ್ಲ. ಕೊನೆಗೆ ಮಾವ್ಶಿ ಮುಕ್ತಾಯದ ಹಾಡನ್ನು ತಾವೇ ಎತ್ತಿದರು. ಮಾವ್ಶಿ ಎಂದರೆ ನನ್ನ ಗಂಡನ ತಾಯಿಯ ತಂಗಿ, ನಮ್ಮ ಪಕ್ಕದ ಮನೆಯಲ್ಲೇ ಒಬ್ಬರೇ ಇರುವವರು. ಹಾಡು ಕೇಳಿದ್ದೇ ನನ್ನ ಗಂಡನೂ ನೆಮ್ಮದಿಯಾಗಿ ದನಿಗೂಡಿಸಿದರು. ಹಿಂದಕ್ಕೆ ಬರುವಾಗ ಜೀಪಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಇವತ್ತು ಯಾಕೋ ಉದ್ದ ಆಯ್ತು ಅಲ್ವಾ?" ಎಂದರು.

ನಾನು ಹಾಸನಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ತಾಳ್ಮೆಯವರು. ಕೊಡೆ, ಮೊಲ, ಅಕ್ಕಿ, ಹಳದಿ ಎಂದು ನಾಲ್ಕು ಪದ ಹೇಳಿ, ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಎಂದರು. ಹೆಬ್ಬೆರಳು ತೋರುಬೆರಳು ಬೇಗ ಬೇಗ ತಾಗಿಸಲು ಹೇಳಿದರು. ಮೇಜಿನ ಮೇಲೆ ಮೊದಲು ಮುಷ್ಟಿ, ಆಮೇಲೆ ಅಂಗೈ, ಆಮೇಲೆ ಕೈಯ ಅಂಚು, ಇದೇ ಕ್ರಮದಲ್ಲಿ ಮತ್ತೆ ಮತ್ತೆ ಇಡಿ ಎಂದರು. ಎಂಥೆಂಥ ಮೋಟಾರನ್ನು ಕಣ್ಣು ಮುಚ್ಚಿ ಬಿಚ್ಚುತ್ತಿದ್ದ ಕೈ ಅದು. ಮುಷ್ಟಿಯಾದ ಮೇಲೆ ಮತ್ತೆ ಮುಷ್ಟಿಯೇ ಬಂತು. ಅವರು ಎಡಗೈಯಿಂದ ಬಲಗೈ ಹಿಡಿದು ಸರಿ ಮಾಡಿಕೊಳ್ಳಲು ನೋಡಿದರು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಸೆರಗಿನೊಳಗೆ ಅದನ್ನೇ ಮಾಡುತ್ತಿದ್ದೆ. ಮುಷ್ಟಿ, ಅಂಗೈ, ಅಂಚು. ನನ್ನದು ಸರಿ ಬಂತು. ಸರಿ ಬಂತಲ್ಲ ಎಂದು ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು.

ತಲೆಯ ಸ್ಕ್ಯಾನ್ ಆಯಿತು, ಥೈರಾಯ್ಡ್, ವಿಟಮಿನ್ನು, ಮತ್ತೆ ಟಿಬಿ ಇದೆಯೇ ಎಂದೆಲ್ಲ ನೋಡಿದರು. ಬೇರೆ ಕಾರಣ ಸಿಗಲಿಲ್ಲ. "ಮಾತ್ರೆ ಸರಿಯಾಗಿ ತಗೊಂಡಿದ್ದಾರೆ, ರಕ್ತದಲ್ಲಿ ವೈರಸ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಇದೆ. ಆದರೆ ಮಾತ್ರೆ ಶುರುವಾಗೋ ಮುಂಚೆ ತುಂಬಾ ಸೊರಗಿದ್ದರಲ್ಲ, ಆಗಲೇ ಮಿದುಳಿಗೆ ಪೆಟ್ಟು ಬಿದ್ದಿರಬಹುದು" ಎಂದರು ಡಾಕ್ಟರಮ್ಮ. ಹೀಗೇ ನಿಲ್ಲಬಹುದು, ಜಾಸ್ತಿಯೂ ಆಗಬಹುದು. ಮಾತ್ರೆ ತಪ್ಪಿಸಬೇಡಿ, ಸುಮ್ಮನೆ ಕೂರಿಸಬೇಡಿ, ಅವರಿಗೆ ಬರುವ ಕೆಲಸ ಮಾಡುತ್ತಿರಲಿ. ನನಗೂ ಹೀಗಾಗುತ್ತದಾ ಎಂದು ಕೇಳಿದೆ. ಎಲ್ಲರಿಗೂ ಆಗುವುದಿಲ್ಲ ಎಂದರು. ನಿಮಗೆ ಆಗುವುದಿಲ್ಲ ಎಂದು ಹೇಳಲಿಲ್ಲ. ವಾಪಸ್ಸು ಬಸ್ಸಿನಲ್ಲಿ ಆಲೂರು ದಾಟುವವರೆಗೂ ಸೆರಗಿನೊಳಗೆ ನನ್ನ ಕೈ ಆಡುತ್ತಲೇ ಇತ್ತು. ಈಗಲೂ ಸೂಜಿಗೆ ದಾರ ಹಾಕಲು ಮರೆತು ಮೆಷಿನ್ನು ತುಳಿದುಬಿಟ್ಟರೆ, ಎದ್ದು ಹೋಗಿ ಅಡುಗೆ ಕಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತೇನೆ.

ಶೆಡ್ಡು ಮುಚ್ಚಿದೆವು. ಅವರಿಗೆ ಬರುವ ಕೆಲಸವೆಂದು ಉಳಿದದ್ದು ಜಪಸರ ಒಂದೇ. ಅದೂ ಹೋದರೆ ಈ ಮನುಷ್ಯ ಪೂರ್ತಿ ಕೂತುಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಏನಾದರಾಗಲಿ, ಇದೊಂದನ್ನು ಬಿಟ್ಟುಕೊಡುವುದಿಲ್ಲ ಎಂದು ಹಟ ಹಿಡಿದೆ. ಅವರ ಸರದ ಒಂದೊಂದು ಭಾಗದ ಕೊನೆಗೆ ಒಂದೊಂದು ಬಣ್ಣದ ದಾರ ಕಟ್ಟಿದೆ. ಅವರ ಪಕ್ಕದಲ್ಲೇ ಮಂಡಿಯೂರಿ, ಬಣ್ಣ ಬಂದಾಗ ಅವರ ಅಂಗಿಯ ತುದಿ ಎಳೆಯುತ್ತಿದ್ದೆ. ಹೆಂಗಸರ ಸಾಲು ಬಿಟ್ಟು ಗಂಡನ ಪಕ್ಕಕ್ಕೆ ಹೋಗಿ ಕೂರುತ್ತಾಳೆ ಎಂದು ಮೂಗು ಮುರಿದವರೂ ಇದ್ದರು. ಮುರಿದುಕೊಳ್ಳಲಿ ಎಂದುಕೊಂಡೆ. ಮಾವ್ಶಿ ಇನ್ನೊಂದು ಪಕ್ಕ. ನಮ್ಮಿಬ್ಬರ ನಡುವೆ ಅವರು ಒಂದು ವರ್ಷದ ಮೇಲೆ ಅನೇಕ ಮನೆಗಳಲ್ಲಿ ಜಪ ನಡೆಸಿದರು. ದನಿ ಮೊದಲಿನದೇ. ಅಳುವವರು ಮೊದಲಿನ ಹಾಗೆಯೇ ಅಳು ನಿಲ್ಲಿಸುತ್ತಿದ್ದರು.

ಹೆತ್ತೂರಿನ ಕಡೆ ಒಬ್ಬ ತೋಟದ ಯಜಮಾನರು ತೀರಿಕೊಂಡರು. ಏಳನೇ ದಿನದ ಸಂಜೆಗೆ ಜೀಪು ಬಂತು. ಕೊಯ್ಲು ಮುಗಿಯುತ್ತಾ ಬಂದಿದ್ದ ಕಾಲ. ಮನೆಯ ಮುಂದಿನ ಕಾಫಿ ಕಣದಲ್ಲಿ ಒಣಗಲು ಹಾಕಿದ್ದ ಕಾಯಿಯನ್ನು ಒಂದು ಮೂಲೆಗೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ, ಉಳಿದ ಜಾಗದಲ್ಲಿ ಚಾಪೆ ಹಾಸಿದ್ದರು. ಬಾಳ್ಳುಪೇಟೆಯವರಿಂದ, ಸಕಲೇಶಪುರದವರಿಂದ, ಕರಾವಳಿಯ ನೆಂಟರಿಂದ ಕಣ ತುಂಬಿಹೋಗಿತ್ತು. ನೆರೆಯ ತೋಟಗಳ ಲಿಂಗಾಯತರ ಮನೆಯವರೂ ಹಿಂದಿನ ಕುರ್ಚಿಗಳಲ್ಲಿ ಕೂತಿದ್ದರು. ಅಷ್ಟು ಜನರ ಮುಂದೆ ಇವರು ಎಲ್ಲಿ ಎಡವುತ್ತಾರೋ ಎಂದು ಅವರ ಅಂಗಿಯ ತುದಿಯನ್ನು ಮೊದಲೇ ಹಿಡಿದುಕೊಂಡೆ. ಎಡವಲಿಲ್ಲ. ಮೂರನೇ ಭಾಗ ಆದ ಮೇಲೆ ನಾನು ಅಂಗಿ ಎಳೆಯುವ ಮೊದಲೇ ನಾಲ್ಕಕ್ಕೆ ಹೋದರು. ಐದೂ ಮುಗಿಯಿತು. ಅಬ್ಬಾ ಎಂದು ಮಾವ್ಶಿಯ ಕಡೆ ನೋಡಿದೆ, ಅವರು ಕಣ್ಣಲ್ಲೇ ನಕ್ಕರು.

ಕೋರಿಕೆಗಳು ಶುರುವಾದವು. ತೀರಿಕೊಂಡ ಯಜಮಾನರ ಆತ್ಮಕ್ಕಾಗಿ. ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ. ಅವರ ಹೆಂಡತಿ ಮಕ್ಕಳಿಗಾಗಿ. ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ. ಈ ತೋಟದಲ್ಲಿ ದುಡಿಯುವ ಲೈನ್ ಮನೆಗಳವರಿಗಾಗಿ. ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ. ಅದೇ ಅಗಲವಾದ ದನಿಯಲ್ಲಿ, ಒಂದಿಷ್ಟೂ ಏರಿಳಿಯದೆ, ಅವರು ಮುಂದಿನದನ್ನು ಹೇಳಿದರು: "ಎಚ್‌ಐವಿ ಕಾಯಿಲೆ ಇರುವ ನನಗಾಗಿ, ಮುಖ್ಯವಾಗಿ ಅದೇ ಕಾಯಿಲೆ ಇರುವ ನನ್ನ ಹೆಂಡತಿಗಾಗಿ ಪ್ರಾರ್ಥಿಸೋಣ."

ಇಡೀ ಕಣ ಒಂದೇ ದನಿಯಲ್ಲಿ, ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ ಎಂದಿತು. ನಾನೂ ಹೇಳಿಬಿಟ್ಟಿದ್ದೆ. ಬಾಯಿ ಹೇಳಿದ ಮೇಲೆ ಕಿವಿಗೆ ಬಿತ್ತು.

ಕಣದ ಮೂಲೆಯಲ್ಲಿ ಟಾರ್ಪಾಲು ಗಾಳಿಗೆ ಪಟಪಟ ಅಂದಿತು. ಕುರ್ಚಿಯಲ್ಲಿದ್ದ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಏನೋ ಕೇಳಿದಳು. ಅವರು ಮಾತ್ರ ಏನೂ ಆಗದವರಂತೆ ಮುಕ್ತಾಯದ ಹಾಡು ಎತ್ತಿದರು. ಮಾವ್ಶಿ ಒಬ್ಬರೇ ಅವರ ಜೊತೆ ಹಾಡಿದರು. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಮನೆಯ ಯಜಮಾನ್ತಿ ದೊಡ್ಡ ಮನಸ್ಸಿನ ಹೆಂಗಸು, ಗಂಡ ಸತ್ತ ದುಃಖದಲ್ಲೂ ಬಂದು, ಊಟ ಮಾಡಿಕೊಂಡೇ ಹೋಗಬೇಕು ಎಂದು ಕೈ ಹಿಡಿದು ಹೇಳಿದರು. ಹಿಡಿದ ಕೈಯನ್ನು ಬಿಟ್ಟ ಮೇಲೆ ಸೀರೆಗೆ ಒರೆಸಿಕೊಂಡರು. ಅದು ಅಭ್ಯಾಸಕ್ಕೆ ಒರೆಸಿಕೊಂಡದ್ದೋ ಬೇರೆ ಕಾರಣಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬರುವಾಗ ತುಂಬಿ ತುಳುಕುತ್ತಿದ್ದ ಜೀಪಿನಲ್ಲಿ ವಾಪಸ್ಸು ಹೋಗುವಾಗ ನಾವು ಮೂವರೇ.

ಮನೆಗೆ ಬಂದವಳೇ ಬಾಯಿಗೆ ಬಂದ ಹಾಗೆ ಬೈದೆ. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದದ್ದನ್ನು ಒಂದು ಉಸಿರಿನಲ್ಲಿ ಹಾಳು ಮಾಡಿದಿರಲ್ಲ ಎಂದೆ. ನಿಮ್ಮದು ಹೇಳಿಕೊಂಡಿರಿ ಸರಿ, ನನ್ನದನ್ನು ಯಾಕೆ ಬೀದಿಗೆ ಹಾಕಿದಿರಿ ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅಷ್ಟೆಲ್ಲ ಬೈದ ಮೇಲೆ ನೀರು ಕೊಟ್ಟು ಮಾತ್ರೆ ಕೊಟ್ಟೆ. ಅವರು ನುಂಗಿದರು. ತಲೆ ಕೆಟ್ಟವರ ಮೇಲೆ ಸಿಟ್ಟು ಮಾಡಿ ಏನು ಬಂತು, ಯಾವುದು ಗುಟ್ಟು ಯಾವುದಲ್ಲ ಅನ್ನುವುದನ್ನೂ ಕಾಯಿಲೆ ತಿಂದುಹಾಕಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾನು ಹೆದರಿದಂತೆ ಯಾರೂ ನಮ್ಮನ್ನು ಊರು ಬಿಡಿಸಲಿಲ್ಲ. ಒಂದಿಬ್ಬರು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು, ಮದುವೆ ಮುಂದಕ್ಕೆ ಹೋಯಿತೆಂದು ಹೇಳಿ ಹಾಗೆಯೇ ತೆಗೆದುಕೊಂಡು ಹೋದರು. ಇನ್ನು ಕೆಲವರು ಹಟಕ್ಕೆ ಬಿದ್ದವರಂತೆ ಬೇಡದ ಬ್ಲೌಸನ್ನೂ ತಂದು ಕೊಟ್ಟರು. ಆದರೆ ಜೀಪು ಬರಲಿಲ್ಲ. ಸಾವುಗಳಾದವು, ಏಳನೇ ದಿನಗಳಾದವು, ಬೇರೆ ಯಾರೋ ಬಸ್ಸಿಗೆ ಓಡುವವರಂತೆ ಜಪ ಹೇಳಿ ಮುಗಿಸಿದರು. ಚರ್ಚಿನ ಬಾಗಿಲಲ್ಲಿ ಸಿಕ್ಕಿದವರೆಲ್ಲ ನನ್ನ ಹತ್ತಿರ ಒಂದೇ ಮಾತು: "ಪಾಪ, ಅವರಿಗೆ ಮರೆವು ಕಣ್ರೀ. ಯಾಕೆ ತೊಂದ್ರೆ ಕೊಡೋದು, ಆರಾಮಾಗಿ ಮನೇಲಿರ್ಲಿ." ಅದೇ ಮರೆವಿನಲ್ಲಿ ವರ್ಷದ ಮೇಲೆ ಜಪ ನಡೆಸಿದಾಗ ಇಲ್ಲದ ಪಾಪ ಈಗ ಎಲ್ಲಿಂದ ಬಂತು? ಕೇಳೋಣವೆಂದರೆ ಕೇಳುವ ಹಾಗೂ ಇಲ್ಲ. ನಿಜಕ್ಕೂ ಮರೆವಿಗೇ ಹೇಳುತ್ತಿದ್ದರೆ? ಬೈದರೆ ಬೈಸಿಕೊಳ್ಳುವಂಥ ಮಾತಾಗಿದ್ದರೆ ನಾನು ಬೈದೇ ತೀರುತ್ತಿದ್ದೆ. ಇದು ಕನಿಕರ. ಇದಕ್ಕೆ ಎದುರು ಮಾತೇ ಇಲ್ಲ.

ಒಂದು ದಿನ ಮಾವ್ಶಿಯ ಮನೆಗೆ ಹೋದೆ. ಲೋಟ ಬಾಯಿಗಿಟ್ಟರೆ ಕಾಫಿ ಸಿಹಿ. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಕುಡಿದ ಮೊದಲ ಸಿಹಿ ಕಾಫಿ. ನಾನು ಅವರ ಮುಖ ನೋಡಿದೆ.

"ಇನ್ನೆಂಥ ಸಪ್ಪೆ ಕಾಫಿ ಕುಡೀತೀಯೆ" ಎಂದರು ಮಾವ್ಶಿ. "ಸಕಲೇಶಪುರದ ಬೇಕರೀಲಿ ಅವ್ನು ಜಿಲೇಬಿ ಮುಕ್ಕೋದು ನಾನು ಯಾವತ್ತೋ ನೋಡಿದ್ದೆ. ನೀವು ಶುಗರ್ ಅಂದ್ರಿ, ಹಂಗೇ ಇರ್ಲಿ ಬಿಡು ಅಂತ ಸುಮ್ನಿದ್ದೆ."

"ಮಾವ್ಶಿ, ಜನ ಅವರನ್ನ ಕರೆಯದೆ ಇರೋದು ಯಾಕೆ? ತಲೆಗೋ, ರಕ್ತಕ್ಕೋ? ನೀವಾದ್ರೂ ನಿಜ ಹೇಳಿ."

ಅವರು ಲೋಟ ಕೆಳಗಿಟ್ಟರು. "ಎರಡೂ ಥರದವ್ರು ಅವ್ರೆ ಕಣೇ. ಕೆಲವ್ರಿಗೆ ಅದು, ಕೆಲವ್ರಿಗೆ ಇದು. ಕೇಳಿದ್ರೆ ಎಲ್ರೂ ಮರೆವು ಅಂತಾರೆ. ಅದು ಹೇಳೋಕೆ ಸುಲಭ ಐತಲ್ಲ."

ನಾನು ಅಲ್ಲೇ ಕೂತು ಅತ್ತೆ. ನನ್ನ ಗಂಡನಿಗೆ ಇದ್ದದ್ದು ಅದೊಂದೇ ಕೆಲಸ, ಅದನ್ನು ಅವರ ಕೈಯಿಂದ ಯಾರು ಕಿತ್ತುಕೊಂಡರು ಎಂದು ಬೆರಳು ತೋರಿಸಲೂ ನನಗೆ ಒಬ್ಬ ಮನುಷ್ಯ ಸಿಗಲಿಲ್ಲ.

ಕಳೆದ ಸುಗ್ಗಿಯ ಸಮಯದಲ್ಲಿ ಒಂದು ಮಧ್ಯಾಹ್ನ ಚರ್ಚಿನ ಸಾವಿನ ಗಂಟೆ ಹೊಡೆಯಿತು. ನಮಗೆಲ್ಲ ಗೊತ್ತಿದ್ದ ಮನೆಯದೇ ಸಾವು. ನನ್ನ ಗಂಡ ಎದ್ದು ಸ್ನಾನ ಮಾಡಿದರು. ಬಿಳಿ ಅಂಗಿ ಹಾಕಿಕೊಂಡರು, ಗುಂಡಿ ಒಂದಕ್ಕೊಂದು ತಪ್ಪಿಸಿ. ನಾನು ಬಿಚ್ಚಿ ಸರಿಯಾಗಿ ಹಾಕಿದೆ. ಮುಚ್ಚಿದ ಶೆಡ್ಡಿನ ಮುಂದಿನ ಬೆಂಚಿನಲ್ಲಿ ಹೆದ್ದಾರಿಯ ಕಡೆ ಮುಖ ಮಾಡಿ ಕೂತರು. ಲಾರಿಗಳು ಹೋದವು, ಮಂಗಳೂರಿನ ಬಸ್ಸುಗಳು ಹೋದವು. ಆ ಮನೆಯ ಜೀಪೂ ಬಂತು, ಒಳಗೆ ನಾಲ್ಕೈದು ಜನ. ಅವರು ಏಳಲು ಹೊರಟರು. ಜೀಪು ನಿಲ್ಲದೆ ಹೋಯಿತು. ಡ್ರೈವರ್ ಮುಖ ಆ ಕಡೆ ತಿರುಗಿಸಿಕೊಂಡದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಹೋಗಿ ಪಕ್ಕದಲ್ಲಿ ಕೂತೆ. "ಯಾಕೆ ನಿಲ್ಲಿಸ್ಲಿಲ್ಲ?" ಎಂದರು. ಜೀಪಲ್ಲಿ ಜಾಗ ಇರಲಿಲ್ಲ ಎಂದು ಹೇಳಲು ಹೊರಟಿದ್ದೆ. ಬಾಯಿಗೆ ಬಂದದ್ದು ಬೇರೆ. "ಹೆತ್ತೂರಲ್ಲಿ ಅಷ್ಟು ಜನರ ಮುಂದೆ ನಮ್ಮ ಕಾಯಿಲೆ ಹೇಳ್ಬುಟ್ರಲ್ಲ, ಅದಕ್ಕೆ. ಹೇಳ್ಬಾರ್ದು ಅನ್ನೋದೇ ನಿಮಗೆ ಮರೆತೋಗಿತ್ತು."

ಅವರು ಬಹಳ ಹೊತ್ತು ರಸ್ತೆ ನೋಡಿದರು. ಉತ್ತರ ಬರುವುದಿಲ್ಲ ಎಂದುಕೊಂಡು ನಾನು ಏಳುತ್ತಿದ್ದೆ.

"ಮರೆತು ಹೇಳಿದ್ದಲ್ಲ" ಎಂದರು.

"ಮತ್ತೆ?"

"ದಿನಾ ನಿಂಗೋಸ್ಕರ ಬೇಡ್ಕೊತಿದ್ದೆ, ಮನಸಲ್ಲೇ. ನಿಂಗೆ ನನ್ನಂಗೆ ಆಗ್ಬಾರ್ದು ಅಂತ. ಈಚೆಗೆ ಬೇಡ್ಕೊಂಡ್ನಾ ಇಲ್ವಾ ಅಂತಲೇ ಗೊತ್ತಾಗಲ್ಲ. ಎಷ್ಟೋ ದಿನ ಬಿಟ್ಟೋಗಿರ್ತೈತೆ. ಇನ್ನು ಸ್ವಲ್ಪ ದಿನಕ್ಕೆ ಪೂರ್ತಿ ಹೋಗ್ಬುಡುತ್ತೆ." ಒಂದೊಂದು ಮಾತನ್ನೂ ಹುಡುಕಿ ಎತ್ತಿಕೊಂಡವರಂತೆ ಹೇಳುತ್ತಿದ್ದರು. "ಅವತ್ತು ಅಷ್ಟು ಜನ ಇದ್ರು. ಒಬ್ಬರಿಗಾದ್ರೂ ನೆನಪಿರ್ತೈತೆ ಅಂತ ಹೇಳ್ದೆ. ನನ್ನ ತಲೆ ಹೋದ್ಮೇಲೆ ನಿಂಗೆ ಏನೈತೆ ಅಂತ ಯಾರಿಗಾದ್ರೂ ಗೊತ್ತಿರ್ಬೇಕಲ್ಲ ಮಾರಾಯ್ತಿ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅನ್ನುತ್ತಿದ್ದೆ, ಖಂಡಿತ. ಈಗ ಕೇಳಿದರೂ ಬೇಡವೆಂದೇ ಅನ್ನುತ್ತೇನೆ. ಅದು ನನ್ನ ಗುಟ್ಟೂ ಆಗಿತ್ತು, ಪ್ರೀತಿಗಾದರೂ ಅದನ್ನು ಒಡೆಯುವ ಹಕ್ಕು ಅವರಿಗಿರಲಿಲ್ಲ. ಹಾಗೆಂದು ಹೇಳಬೇಕೆಂದಿದ್ದವಳು ಅವರ ಕೈ ಹಿಡಿದುಕೊಂಡೆ. ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡುವಂತೆ ನಾವು ಹಾಗೆ ಕೂತದ್ದು ಅದೇ ಮೊದಲು.

ಆ ಮಾತನ್ನು ಇನ್ನೊಂದು ಸಲ ಕೇಳಬೇಕೆಂದು ಆಸೆಯಾಯಿತು. ಅಷ್ಟು ಉದ್ದ ಅವರು ಮಾತಾಡಿ ಎಷ್ಟೋ ಕಾಲವಾಗಿತ್ತು. ಮಾರನೆಯ ಬೆಳಿಗ್ಗೆ ತಿಂಡಿ ಕೊಟ್ಟು ಎದುರಿಗೆ ಕೂತು ಕೇಳಿದೆ: "ಹೆತ್ತೂರಲ್ಲಿ ನಮ್ಮ ಎಚ್‌ಐವಿ ವಿಷಯ ಯಾಕೆ ಹೇಳ್ದೆ ಅಂದ್ರಿ ನಿನ್ನೆ? ಇನ್ನೊಂದ್ಸಲ ಹೇಳ್ರೀ."

ಅವರ ಕೈ ತಟ್ಟೆಯಲ್ಲೇ ನಿಂತಿತು. ಗಾಬರಿಯಿಂದ ನನ್ನ ಮುಖ ನೋಡಿದರು, ಆಮೇಲೆ ತೆರೆದಿದ್ದ ಬಾಗಿಲ ಕಡೆ ನೋಡಿದರು. "ನಾನಾ? ನಾನ್ಯಾಕೆ ಹೇಳ್ಲಿ? ನಿಂಗೆ ಇಷ್ಟ ಇಲ್ಲ ಅಂತ ನಂಗೊತ್ತಿಲ್ವಾ" ಎಂದರು. ಬಾಗಿ ನನ್ನ ಹತ್ತಿರಕ್ಕೆ ಬಂದರು. "ಮೆಲ್ಲಗೆ ಮಾತಾಡು ಮಾರಾಯ್ತಿ. ಪಕ್ಕದ ಮನೇಲಿ ಮಾವ್ಶಿ ಅವ್ರೆ, ಕೇಳಿಸ್ಕೊಂಡ್ಬುಟ್ಟಾರು."

ನಾನು ಎದ್ದು ಹೋಗಿ ಬಾಗಿಲು ಹಾಕಿ ಬಂದೆ. ಆಮೇಲೆ ದನಿ ತಗ್ಗಿಸಿ, ಇನ್ನೊಂದು ರೊಟ್ಟಿ ಹಾಕಲಾ ಎಂದು ಕೇಳಿದೆ.